ರಾಮಕೋಟಿ ಪುಸ್ತಕದ ಉಳಿದ ಹಾಳೆ

ಅಮ್ಮಾ,

ಇವತ್ತು ಬೆಳಿಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ರಾಮಕೋಟಿ ಬರೆಯಲು ಕೂತೆ. ಕೈ ಏಳಲಿಲ್ಲ. ನೋವೇನೂ ಇರಲಿಲ್ಲ. ರಾಮನ ಹೆಸರು ಬರೆಯಬೇಕಲ್ಲಾ ಅಂದುಕೊಂಡರೆ ಬೇಡವೇ ಬೇಡ ಅನ್ನಿಸಿತು. ಹೀಗೆ ಹೇಳಬಾರದು, ಆದರೂ ನಿಜ.

ಒಂಬತ್ತು ವರ್ಷದಿಂದ ದಿನಕ್ಕೆ ಮೂರು ಸಾವಿರ ಸಲ ಬರೆದೆ. ಈ ರಾಮನವಮಿಗೆ ಕೋಟಿ ಮುಗಿಸಲೇಬೇಕೆಂದು ಹಟ ಹಿಡಿದು, ಐದು ಸಾವಿರ ಮಾಡಿಕೊಂಡಿದ್ದೆ. ಪಕ್ಕದ ಮನೆಯ ಶ್ರೀರಂಜನಿ ನನ್ನ ಮುಖ ನೋಡಿ, "ಏನಕ್ಕಾ, ರಾಮ ಏನಾದ್ರೂ ಟಾರ್ಗೆಟ್ ಕೊಟ್ಟಿದ್ನಾ? ಸುಮ್ನೆ ಮಲ್ಕೊಳಿ" ಅಂದಳು. ನಗು ಬರಲಿಲ್ಲ. ದೇವರ ಮುಂದೆ ಚಾಪೆಯ ಮೇಲೆ ಮಧ್ಯಾಹ್ನದವರೆಗೂ ಬಿದ್ದುಕೊಂಡಿದ್ದೆ.

ಹೋದ ವರ್ಷ ಗುಬ್ಬಿಯಿಂದ ಫೋನ್ ಮಾಡಿ ನೀನು, "ಒಂದಿನ ಬಂದೋಗೇ, ನಿನ್ ತಲೆಗೆ ಎಣ್ಣೆ ಒತ್ತೋಣ ಅನ್ನಿಸ್ತದೆ" ಅಂದಿದ್ದೆ. "ಕೋಟಿ ಮುಗೀಲಿ ಬುಡಮ್ಮ, ಬರ್ತೀನಿ" ಅಂದೆ. ಇಲ್ಲಿ ತುಮಕೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಾನು ಬರಲಿಲ್ಲ, ದೀಪಾವಳಿಗೆ ಮೊದಲೇ ನೀನು ಕಣ್ಣುಮುಚ್ಚಿದೆ.

ತಲೆ ಒಣಗಿದೆಯಮ್ಮ. ಎಣ್ಣೆ ಬಟ್ಟಲು ಪಕ್ಕದಲ್ಲೇ ಇದೆ, ಹಚ್ಚಿಕೊಂಡಿಲ್ಲ.

ರಾಮಕೋಟಿ ಪುಸ್ತಕದಲ್ಲಿ ಇನ್ನೂ ಹಾಳೆ ಉಳಿದಿವೆ. ಈ ಕಾಗದ ಬರೆಯುತ್ತಿರುವುದು ಅದರಲ್ಲೇ. ಇದಕ್ಕೆ ಮಾತ್ರ ಕೈ ಏಳುತ್ತಿದೆ.