ತೊಳೆದು ಕುಡಿದ ತಟ್ಟೆ

ಜನ್ನಾಪುರ, ಭದ್ರಾವತಿ
೯ ಆಗಸ್ಟ್ ೨೦೦೮, ಶನಿವಾರ

ಪ್ರೀತಿಯ ಅಕ್ಕನಿಗೆ, ನಿನ್ನ ರಾಜಿ ಮಾಡುವ ಶರಣುಗಳು.

ಪಂಚಮಿಗೆ ನೀನು ಕಳಿಸಿದ ಉಂಡೆಯ ಡಬ್ಬಿ ಬಂದು ತಲುಪಿತು. ತಲುಪಿತೆಂದು ಒಂದು ಫೋನನ್ನೂ ಮಾಡಲಿಲ್ಲವಲ್ಲ ಎಂದು ರಾಣೆಬೆನ್ನೂರಿನಲ್ಲಿ ಕೂತು ಗೊಣಗಿರುತ್ತೀಯ. ಗೊಣಗು, ಬೈದುಕೊ, ಆಮೇಲೆ ಇದನ್ನು ಓದು. ನಮ್ಮ ಫೋನ್ ಇರುವುದು ಹಜಾರದಲ್ಲಿ, ಇವರ ಕುರ್ಚಿಯ ಪಕ್ಕದಲ್ಲಿ. ಇಷ್ಟು ದಿನ ನೀನು ಕೇಳಿದಾಗಲೆಲ್ಲ ನಾನು "ಆರಾಮಿದ್ದೀವಿ" ಎಂದದ್ದು ಇವರ ಮುಖ ನೋಡಿಕೊಂಡು. ಆರಾಮಿಲ್ಲ ಅಕ್ಕ. ನನಗೆ ಹೆದರಿಕೆಯಾಗುತ್ತಿದೆ. ಇವರು ಪಕ್ಕದ ಜಟ್ಟಪ್ಪನವರ ಮನೆಗೆ ಪೇಪರ್ ಓದಲು ಹೋಗಿದ್ದಾರೆ, ಫೋನಿನಲ್ಲಿ ಇದನ್ನೆಲ್ಲ ಹೇಳಲು ನನ್ನಿಂದಾಗದು, ಇವರು ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ಮೊದಲಾಗಿದ್ದರೆ ನಿನ್ನ ಡಬ್ಬಿ ಬಂದ ದಿನವೇ ತಳ ಕಾಣುತ್ತಿತ್ತು. "ಈಶ್ವರಕ್ಕನ ಉಂಡೆಗೆ ಹಲ್ಲೇ ಬೇಡ ಕಣೆ" ಎಂದು ನನ್ನನ್ನು ಚುಚ್ಚುವುದಕ್ಕೆಂದೇ ಎರಡು ಜಾಸ್ತಿ ತಿನ್ನುತ್ತಿದ್ದರು. ಈ ಸಲ ಮುಚ್ಚಳ ತೆಗೆದರು, ಮೂಸಿದರು, ಮುಚ್ಚಿಟ್ಟರು. "ಈ ಶೇಂಗಾ, ಬೆಲ್ಲ, ತುಪ್ಪ ಎಲ್ಲೆಲ್ಲಿಂದ ಬಂತೋ, ಎಷ್ಟು ಲಾರಿ ಹತ್ತಿ ಇಳೀತೋ ರಾಜಿ" ಎಂದರು. ಹಬ್ಬದ ದಿನ ನಾನು ಬಾಯಿಗೆ ಬಂದ ಹಾಗೆ ಬೈದೆ. ಸುಮ್ಮನೆ ಕೇಳಿಸಿಕೊಂಡರು. ಬೈದರೆ ತಿರುಗಿ ಬೈಯುವ ಗಂಡಸು ಸುಮ್ಮನಾದರೆ ಭಯವಾಗುತ್ತದೆ.

ಇದೆಲ್ಲ ಶುರುವಾದದ್ದು ಸಂಕ್ರಾಂತಿಯ ಮಾರನೆಯ ವಾರ. ನಮ್ಮ ಮಗಳು ಸುಮನಾ ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳಲ್ಲ, ನಮ್ಮ ಮಹಿಳಾ ಸಮಾಜದವರು ಅವಳನ್ನು ಮಾತಾಡಲು ಕರೆದಿದ್ದರು. ನಾವು ಉಣ್ಣುವ ಊಟವೂ ಭೂಮಿಯನ್ನು ಬಿಸಿ ಮಾಡುತ್ತದೆ ಎಂದಳು. ನೀರು ನಿಂತ ಗದ್ದೆಯಿಂದ ಏಳುವ ಅನಿಲ, ದನದ ತೇಗು, ಗೊಬ್ಬರದ ಕಾರ್ಖಾನೆ, ಲಾರಿ, ಕೊನೆಗೆ ನಮ್ಮ ಒಲೆ, ಹೀಗೆ ಪ್ರತಿ ತುತ್ತಿಗೂ ಕಣ್ಣಿಗೆ ಕಾಣದ ಒಂದಿಷ್ಟು ಹೊಗೆ ಅಂಟಿಕೊಂಡು ಬರುತ್ತದಂತೆ. "ಉಪವಾಸ ಇರಿ ಅಂತಲ್ಲ. ನಮ್ಮ ಸುತ್ತ ಬೆಳೆದಿದ್ದು ತಿನ್ನಿ, ಮುಚ್ಚಳ ಹಾಕಿ ಬೇಯಿಸಿ, ಚೆಲ್ಲಬೇಡಿ. ನಮ್ಮಜ್ಜಿ ಉಂಡ ತಟ್ಟೆಗೆ ನೀರು ಹಾಕಿ ತೊಳೆದು ಕುಡೀತಿದ್ರು. ಅದಕ್ಕಿಂತ ದೊಡ್ಡ ಪಾಠ ನಮ್ಮ ಕಾಲೇಜಲ್ಲೂ ಇಲ್ಲ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಇವರು ಮೊದಲ ಸಾಲಿನಲ್ಲಿ ಕೂತು ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. ನಾನು ಅದನ್ನು ಸಂತೋಷ ಎಂದುಕೊಂಡೆ.

ಮೊದಮೊದಲು ನನಗೂ ಇಷ್ಟವಾಯಿತು, ಸುಳ್ಳು ಯಾಕೆ ಹೇಳಲಿ. ಹಿತ್ತಲಲ್ಲಿ ಹರಿವೆ, ಬಸಳೆ ಹಾಕಿದರು. ಸೇಬು ತರುವುದನ್ನು ಬಿಟ್ಟು ಪೇರಲ ತಂದರು. ಮರದ ಪೆಟ್ಟಿಗೆಯೊಳಗೆ ಭತ್ತದ ಹೊಟ್ಟು ತುಂಬಿ ಗುಂಡಿ ಮಾಡಿ, ಅರ್ಧ ಬೆಂದ ಅನ್ನದ ಪಾತ್ರೆಯನ್ನು ಅದರಲ್ಲಿ ಹುಗಿದಿಡುವುದನ್ನು ಕಲಿಸಿದರು. ಅನ್ನ ತಾನೇ ಬೆಂದು ಮಲ್ಲಿಗೆಯ ಹಾಗೆ ಅರಳುತ್ತದೆ. ಸಿಲಿಂಡರ್ ಹೆಚ್ಚು ದಿನ ಬರುತ್ತದೆ. ಆ ಪೆಟ್ಟಿಗೆಯನ್ನು ನಾನು ಈಗಲೂ ಬಿಟ್ಟಿಲ್ಲ. ಮಗಳು ಹೇಳಿದ್ದರಲ್ಲಿ ತಪ್ಪಿಲ್ಲ ಅಕ್ಕ, ಅದನ್ನು ನೀನೂ ನೆನಪಿಡು.

ಆಮೇಲೆ ರಾತ್ರಿಯ ಹಾಲು ನಿಂತಿತು. ಮೊಸರು ನಿಂತಿತು. "ನೀನು ಬಡಿಸಿದ್ರೆ ಜಾಸ್ತಿ ಬೀಳುತ್ತೆ, ನಾನೇ ಹಾಕ್ಕೋತೀನಿ" ಎಂದರು. ನಾನು ಒಲೆಯ ಹತ್ತಿರ ರೊಟ್ಟಿ ತಟ್ಟುತ್ತಿರುತ್ತೇನೆ, ತಿರುಗಿ ನೋಡುವಷ್ಟರಲ್ಲಿ ತಟ್ಟೆ ತೊಳೆದು ಆ ನೀರನ್ನು ಕುಡಿದು ಎದ್ದಿರುತ್ತಾರೆ. ನಮ್ಮ ಮನೆಯ ಶಾಸ್ತ್ರ ನಿನಗೆ ಗೊತ್ತಲ್ಲ. ಪ್ರಸಾದ ಚೆಲ್ಲಬಾರದು, ತಟ್ಟೆ ಚೊಕ್ಕವಾಗಿದ್ದರೆ ಊಟ ಚೆನ್ನಾಗಿ ಆಯಿತೆಂದು ಅರ್ಥ. ನಮ್ಮತ್ತೆ ಸೊಸೆಯರನ್ನು ಅಳೆದದ್ದೂ ಅದರಲ್ಲೇ. ನಾನು ದಿನಾ ಇವರ ತಟ್ಟೆ ಎತ್ತಿಡುವಾಗ ಒಂದಗುಳೂ ಇಲ್ಲದ್ದನ್ನು ಕಂಡು ಸಮಾಧಾನಪಟ್ಟೆ. ಅದಕ್ಕೆ ಬಿದ್ದದ್ದೇ ಒಂದು ಹಿಡಿ ಎಂದು ಹೊಳೆಯಲೇ ಇಲ್ಲ. ಶರಟು ಸಡಿಲವಾದಾಗ ವಯಸ್ಸಾಯಿತು ಅಂದುಕೊಂಡೆ. ಪ್ಯಾಂಟಿಗೆ ಲಾಡಿ ಕಟ್ಟಿಕೊಂಡಾಗ ನಗಾಡಿದೆ.

ಶ್ರಾವಣದ ಮೊದಲ ಸೋಮವಾರ ಇವರು ಸ್ನಾನ ಮಾಡಿ ಪೂಜೆಗೆ ಕೂತರು. ನಾನು ಬಿಲ್ವಪತ್ರೆಯ ತಟ್ಟೆ ಹಿಡಿದು ಪಕ್ಕದಲ್ಲೇ ಇದ್ದೆ. ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಕೈ ನಡುಗತೊಡಗಿತು. ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ಹಿಡಿದುಕೊಂಡರು, ಆಗಲೂ ನಿಲ್ಲಲಿಲ್ಲ. ಲಿಂಗ ಜಾರಿತು. ನಾನು ಪತ್ರೆ ಬಿಟ್ಟು ಕೈಯೊಡ್ಡಿದೆ, ನನ್ನ ಬೊಗಸೆಗೆ ಬಿತ್ತು. ಲಿಂಗ ನೆಲಕ್ಕೆ ಬಿದ್ದರೆ ಪ್ರಾಣವನ್ನೇ ಬಿಡಬೇಕು ಎಂದು ನಮ್ಮತ್ತೆ ಹೇಳುತ್ತಿದ್ದದ್ದು ನೆನಪಾಯಿತು. ಆಗ ಇವರ ಎದೆ ನೋಡಿದೆ. ಶಿವದಾರದ ಕೆಳಗೆ ಬರೀ ಎಲುಬು. ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ಬೆವರು ಸುರಿಸಿ ನಿಂತ ಎದೆ ಅದು ಅಕ್ಕ.

ಜಟ್ಟಪ್ಪನವರನ್ನು ಕರೆದೆ. ಅವರು, ಇವರು ಒಂದೇ ಶಿಫ್ಟಿನಲ್ಲಿ ದುಡಿದವರು. "ಏನ್ ಮಾರಾಯ ಏಕಾಂತಪ್ಪ, ಬೆಂಕಿ ಎದುರು ನಿಂತೋನು ಗಾಳಿ ಬೀಸಿದ್ರೆ ಬೀಳೋ ಹಂಗೆ ಆಗಿದ್ದೀಯಲ್ಲ" ಎಂದು ಕೈಹಿಡಿದು ಆಟೋ ಹತ್ತಿಸಿದರು. ಡಾಕ್ಟರು ರಕ್ತ, ಕಫ, ಎಕ್ಸ್‌ರೇ ಎಲ್ಲ ನೋಡಿದರು. ಸಕ್ಕರೆ ಇಲ್ಲ, ಟಿ.ಬಿ. ಇಲ್ಲ. "ಊಟ ಸಾಲ್ತಿಲ್ಲಮ್ಮ" ಎಂದರು. ನನಗೆ ಸಿಟ್ಟು ಬಂತು. "ಒಂದಗುಳು ಬಿಡೋದಿಲ್ಲ ಡಾಕ್ಟ್ರೇ, ತಟ್ಟೆ ತೊಳೆದು ಕುಡೀತಾರೆ" ಎಂದೆ. "ಬಿಟ್ಟಿದ್ದು ನೋಡಿದ್ರಿ. ಹಾಕ್ಕೊಂಡಿದ್ದು ನೋಡಿದ್ರಾ?" ಎಂದರು. ಇನ್ನೊಂದೆರಡು ತಿಂಗಳು ಹೀಗೇ ಆದರೆ ಹೃದಯ ತಡೆಯುವುದಿಲ್ಲವಂತೆ. ಶಿವಮೊಗ್ಗದಲ್ಲಿ ಮನಸ್ಸಿನ ಡಾಕ್ಟರನ್ನೂ ನೋಡಿ ಎಂದು ಚೀಟಿ ಬರೆದುಕೊಟ್ಟರು. ಇವರು ಬರಲೊಲ್ಲರು.

ಮನೆಗೆ ಬಂದು ಎದುರು ಕೂತು ಕೇಳಿದೆ, ಯಾಕೆ ಹೀಗೆ ಎಂದು. ಹೇಳಿದರು:

"ಜೀವಮಾನ ಎಲ್ಲ ಕುಲುಮೆಗೆ ಕಲ್ಲಿದ್ದಲು ತಿನ್ನಿಸ್ದೆ ರಾಜಿ. ಆ ಹೊಗೆ ಎಲ್ಲೂ ಹೋಗಿಲ್ಲ, ಮೇಲೇ ಇದೆ ಅಂತ ನನ್ನ ಮಗಳೇ ಹೇಳಿದ್ಲು. ಅವಳು ಬಾಳಬೇಕಾಗಿರೋದು ಅದರ ಕೆಳಗೆ. ಬಿಟ್ಟಿದ್ದನ್ನ ವಾಪಸ್ ತಗೊಳ್ಳೋಕಾಗಲ್ಲ. ನನ್ನ ಕೈಲಿ ಉಳಿದಿರೋದು ಈ ತಟ್ಟೆ ಒಂದೇ."

ಆ ಕುಲುಮೆಯಿಂದಲೇ ನಮ್ಮ ಮನೆಯ ಒಲೆ ಉರಿಯಿತು, ಅದರಿಂದಲೇ ಮಗಳು ಓದಿದಳು, ನೀವೊಬ್ಬರೇ ಹೊತ್ತಿಸಿದ್ದಲ್ಲ ಎಂದೆ. "ನನ್ನ ಪಾಲು ನಂದು" ಎಂದರು. ಜಗಳವಾಡುವುದಕ್ಕೂ ಜಾಗ ಇಲ್ಲದ ಹಾಗೆ ಮೆತ್ತಗೆ ಹೇಳಿದರು. ಮಾರನೆಯ ದಿನ ಪಕ್ಕದಲ್ಲೇ ನಿಂತು ಬಡಿಸಲು ಹೋದೆ. ತಟ್ಟೆಯ ಮೇಲೆ ಕೈ ಅಡ್ಡ ಇಟ್ಟರು. ನಾನೂ ಹಟಮಾರಿ, ಬಿಸಿ ಸಾರು ಕೈ ಮೇಲೇ ಸುರಿದೇನು ಎಂದೆ. ಕೈ ತೆಗೆಯಲಿಲ್ಲ. ಸೌಟು ಹಿಡಿದು ಹಾಗೇ ಒಳಗೆ ಬಂದು ಅತ್ತೆ.

ಸುಮನಾಗೆ ಇದಾವುದೂ ತಿಳಿದಿಲ್ಲ. ಹೇಳಕೂಡದೆಂದು ನನ್ನ ಕೈಯಲ್ಲಿ ಭಾಷೆ ತೆಗೆದುಕೊಂಡಿದ್ದಾರೆ. ಅವಳು ಪ್ರಬಂಧ ಬರೆಯುವ ಗಡಿಬಿಡಿಯಲ್ಲಿ ಯುಗಾದಿಯಿಂದ ಮನೆ ಕಡೆ ಬಂದಿಲ್ಲ. ಹಾಸ್ಟೆಲಿನಿಂದ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಅಪ್ಪ ಮಗಳದು ಗಂಟೆಗಟ್ಟಲೆ ಮಾತು, ಹಾಲು ಬಿಟ್ಟೆ, ಅದು ಬಿಟ್ಟೆ, ಇದು ಸಾಕು ಎಂದು. "ನಮ್ಮಪ್ಪಾಜೀನೇ ನನ್ನ ಮೊದಲ ಶಿಷ್ಯ ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗ್ತೀನಿ ಅಮ್ಮ" ಎನ್ನುತ್ತಾಳೆ. ಹೇಳಿದರೆ, ತನ್ನ ಮಾತೇ ಅಪ್ಪನನ್ನು ಹೀಗೆ ಮಾಡಿತೆಂದು ಆ ಹುಡುಗಿ ಜನ್ಮವಿಡೀ ಕೊರಗುತ್ತಾಳೆ. ಹೇಳದಿದ್ದರೆ, ನಾಳೆ ಏನಾದರೂ ಆದ ಮೇಲೆ ಮೊದಲಿಗೆ ನನ್ನನ್ನೇ ಕೇಳುತ್ತಾಳೆ. ನಾಳೆ ಭಾನುವಾರ ಊಟಕ್ಕೆ ಬರುತ್ತೇನೆಂದು ಈಗಷ್ಟೇ ಫೋನ್ ಮಾಡಿದ್ದಳು. ಇವರ ಮುಖ ಕಂಡರೆ ಸಾಕು, ನಾನು ಹೇಳುವುದೇ ಬೇಡ.

ಅದಕ್ಕೇ ನೀನು ಬರಬೇಕು ಅಕ್ಕ. ಮದುವೆ ಮನೆಗಳಲ್ಲಿ ನೀನು ಹೋಳಿಗೆಯ ಬುಟ್ಟಿ ಹಿಡಿದು ಬಂದರೆ ಬೇಡ ಎಂದವರನ್ನು ನಾನು ಕಂಡಿಲ್ಲ. "ಈಶ್ವರಕ್ಕನ ಎದುರು ಕೈ ಅಡ್ಡ ಇಡೋ ಧೈರ್ಯ ನನಗಿಲ್ಲ" ಎಂದು ಇವರೇ ಎಷ್ಟೋ ಸಲ ಹೇಳಿದ್ದಾರೆ. ನೀನು ಬಂದು ಒಂದು ವಾರ ಬಡಿಸು. ಬೈದಾದರೂ ಶಿವಮೊಗ್ಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ. ಊರಲ್ಲಿ ಹೊಲದ ಕೆಲಸ ಇದ್ದರೆ ಧರ್ಮಪ್ಪನಿಗೆ ವಹಿಸಿ ಬಾ, ನಿನ್ನ ಮಗ ಅಷ್ಟು ನೋಡಿಕೊಳ್ಳುತ್ತಾನೆ.

ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ಅವರು ತಟ್ಟೆಯಲ್ಲಿ ಸ್ವಲ್ಪ ಬಿಟ್ಟರೆ ಈ ಒಂದು ಸಲ ಬೈಯಬೇಡ. ನಿನ್ನ ಪಾದಕ್ಕೆ ಹಣೆ ಹಚ್ಚಿ ಕೇಳುತ್ತಿದ್ದೇನೆ, ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ತಂಗಿ,
ಬಸವರಾಜೇಶ್ವರಿ

ಮತ್ತೆ, ಭಾನುವಾರ ರಾತ್ರಿ: ಅಂಚೆಗೆ ಹಾಕುವ ಮೊದಲು ಇಷ್ಟು ಸೇರಿಸುತ್ತಿದ್ದೇನೆ. ಇಂದು ಸುಮನಾ ಬಂದಿದ್ದಳು. ಬಾಗಿಲಲ್ಲಿ ಅಪ್ಪನನ್ನು ನೋಡಿ ಅಳುತ್ತಾಳೆ ಎಂದು ಕಾದಿದ್ದೆ. ಅವಳು ಅಳಲಿಲ್ಲ. ಅವಳನ್ನು ಕಂಡು ನಾನೇ ಬಾಗಿಲು ಹಿಡಿದುಕೊಂಡೆ. ಕೆನ್ನೆ ಒಳಗೆ ಹೋಗಿದೆ. ಯುಗಾದಿಗೆ ನಾನು ಒತ್ತಿ ಒತ್ತಿ ತೊಡಿಸಿದ್ದ ಬಳೆ ಮೊಣಕೈವರೆಗೆ ಸರಿದಾಡುತ್ತಿದೆ. ಇಬ್ಬರೂ ಊಟಕ್ಕೆ ಕೂತರು. ಇವರು ಒಂದು ಹಿಡಿ ಅನ್ನ ಹಾಕಿಕೊಂಡರು. ಅವಳೂ ಒಂದು ಹಿಡಿಯೇ ಹಾಕಿಕೊಂಡಳು. "ಇನ್ನೊಂಚೂರು ಹಾಕ್ಕೋ ಮಗಳೇ" ಎಂದರು ಇವರು. "ಬೇಡ ಅಪ್ಪಾಜಿ. ನಿಮಗೆ ಸಾಕಾದ್ರೆ ನನಗೂ ಸಾಕು. ಫೋನಲ್ಲಿ ನೀವು ಹೇಳ್ದಾಗಿಂದ ಹಾಸ್ಟೆಲಲ್ಲೂ ಅಷ್ಟೇ ತಿಂತಿದ್ದೀನಿ" ಎಂದು ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು. ಇವರು ಆ ಕೈಯನ್ನೇ ನೋಡುತ್ತಾ ಕೂತರು. ಆಮೇಲೆ ತಮ್ಮ ತಟ್ಟೆಯನ್ನು ನನ್ನ ಕಡೆ ಸರಿಸಿ, "ಹಾಕು ರಾಜಿ" ಎಂದರು. ಒಂದು ಸೌಟು ಹಾಕಿದೆ. ನುಂಗಲಾರದೆ ನುಂಗಿದರು. ಅವಳು ಕೈ ತೆಗೆಯಲಿಲ್ಲ ಅಕ್ಕ. ತನ್ನ ಹಿಡಿಯಷ್ಟು ಉಂಡು, ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ ತೊಳೆದು ಕುಡಿದಳು. ತಟ್ಟೆ ನಮ್ಮತ್ತೆ ಮೆಚ್ಚುವಷ್ಟು ಚೊಕ್ಕವಾಗಿತ್ತು. ಈಗ ನೀನು ಬಂದು ಬಡಿಸಬೇಕಾದದ್ದು ಇಬ್ಬರಿಗೆ.