ಬಲ್ಗೇರಿಯಾದ ಹೂಂ

ಬ್ರಿಸ್ಬೇನ್
ಭಾನುವಾರ, ೧೩ ಜುಲೈ ೨೦೨೫

ಅಮ್ಮಾ,

ವಾಟ್ಸಾಪ್ ಇರುವಾಗ ಇವಳೇಕೆ ಕಾಗದ ಬರೆದಳು ಎಂದು ಹೆದರಬೇಡ. ಜ್ವರ ಇಲ್ಲ, ಊಟ ಮಾಡುತ್ತಿದ್ದೇನೆ. ಇಪ್ಸ್‌ವಿಚ್ ಆಸ್ಪತ್ರೆಯ ಡಾಕ್ಟರ್ ಅಪರ್ಣಾ ಆಂಟಿ ಮಂಗಳವಾರ ಮೈಸೂರಿಗೆ ಹೊರಟಿದ್ದಾರೆ, ಅವರ ಕೈಲಿ ಕೊಡುತ್ತೇನೆ. ಅನಾಟಮಿ ರಿಸಲ್ಟ್ ಫೋಟೋ ಕಳಿಸು ಎಂದು ನಾಲ್ಕು ಸಲ ಮೆಸೇಜ್ ಮಾಡಿದ್ದೀಯ. ಹೋದ ಭಾನುವಾರ ವಿಡಿಯೋದಲ್ಲಿ ನೀನು ‘ಪಾಸಾಯ್ತಾ?’ ಎಂದೆ, ನಾನು ತಲೆಯಾಡಿಸಿದೆ, ಅಷ್ಟಕ್ಕೇ ನೀನು ನಿನ್ನ ವಾರ್ಡಿನ ಸಿಸ್ಟರುಗಳಿಗೆಲ್ಲ ಮೈಸೂರುಪಾಕು ಹಂಚಿಬಿಟ್ಟೆ. ಆ ವಿಷಯಕ್ಕೆ ಬರುತ್ತೇನೆ. ರಾಲಿತ್ಸಾ ಮಿಸ್ ಬಗ್ಗೆ ಹೇಳದೆ ಅದನ್ನು ಹೇಳಲು ನನ್ನಿಂದಾಗದು.

ಫಾರೆಸ್ಟ್ ಲೇಕ್‌ನಲ್ಲಿ ಪಾರ್ಟ್‌ಟೈಮ್ ಕೆಲಸ ಎಂದಿದ್ದೆನಲ್ಲ, ಅದೊಂದು ರಿದಮಿಕ್ ಜಿಮ್ನಾಸ್ಟಿಕ್ಸ್ ಹಾಲ್. ಹುಡುಗಿಯರು ಸಂಗೀತಕ್ಕೆ ತಕ್ಕಂತೆ ಚೆಂಡು, ದೊಡ್ಡ ಬಳೆ, ರಿಬ್ಬನ್ ಹಿಡಿದು ಮಾಡುವ ಕಸರತ್ತು. ಆರು ಮೀಟರಿನ ರಿಬ್ಬನ್‌ಗಳಿಗೆ ಇಸ್ತ್ರಿ ಹಾಕಿ ಸುತ್ತಿಡುವುದು ನನ್ನ ಕೆಲಸ. ಸುಕ್ಕಿದ್ದರೆ ಗಾಳಿಯಲ್ಲಿ ಗಂಟಾಗುತ್ತದಂತೆ. ಕಲಿಸುವವರು ಬಲ್ಗೇರಿಯಾದ ರಾಲಿತ್ಸಾ ಮಿಸ್, ವಯಸ್ಸು ಐವತ್ತಮೂರು. ಇಲ್ಲಿ ಎಲ್ಲರೂ ಬರೀ ಹೆಸರು ಹಿಡಿದು ಕರೆಯುತ್ತಾರೆ. ಶಾಲೆಯ ಹಾಸ್ಟೆಲ್ ಅಭ್ಯಾಸ ನೋಡು, ನನಗೆ ಮಿಸ್ ಅನ್ನದೆ ಬಾಯೇ ಬರುವುದಿಲ್ಲ.

ಮೊದಲ ದಿನವೇ ಎಡವಟ್ಟು. ಶನಿವಾರ ಬರಲಾ ಎಂದು ಕೇಳಿದೆ. ಅವರು ಎಡಕ್ಕೂ ಬಲಕ್ಕೂ ತಲೆ ಅಲ್ಲಾಡಿಸಿದರು. ಬೇಡವಾದೆ ಎಂದು ಬಸ್ಸಿನಲ್ಲಿ ಅತ್ತುಕೊಂಡು ಬಂದೆ. ಶನಿವಾರ ಮಧ್ಯಾಹ್ನ ಅವರದೇ ಫೋನ್.

‘ಎಲ್ಲಿದ್ದೀಯ? ರಿಬ್ಬನ್ ಎಲ್ಲಾ ಮುದುರಿ ಬಿದ್ದಿದೆ!’

‘ಮಿಸ್, ನೀವೇ ನೋ ಅಂದ್ರಲ್ಲ!’

‘ನಾನು ಯೆಸ್ ಅಂದೆ!’

ಬಲ್ಗೇರಿಯಾದಲ್ಲಿ ಅಡ್ಡಡ್ಡ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ. ಮೂವತ್ತು ವರ್ಷ ಇಲ್ಲಿದ್ದರೂ ದಣಿದಾಗ ಅವರ ತಲೆ ಊರಿಗೆ ಹೋಗಿಬಿಡುತ್ತದಂತೆ. ನನ್ನ ತಲೆಯೂ ನಮ್ಮೂರಿನ ಹಾಗೆ ಎರಡೂ ಕಡೆ ತೂಗುತ್ತದಲ್ಲ. ‘ಈ ದೇಶದಲ್ಲಿ ಸರಿಯಾಗಿ ಯೆಸ್ ಅನ್ನೋ ತಲೆ ನಿಂದೊಂದೇ’ ಎಂದು ನಗುತ್ತಾರೆ.

ಅವರನ್ನು ಆರನೇ ವಯಸ್ಸಿಗೇ ವಾರ್ನಾ ಎಂಬ ಕಡಲೂರಿನಲ್ಲಿ ಈ ಕಸರತ್ತಿಗೆ ಆರಿಸಿಕೊಂಡರಂತೆ. ಹನ್ನೊಂದಕ್ಕೆ ರಾಜಧಾನಿ ಸೋಫಿಯಾದ ಹಾಸ್ಟೆಲ್. ದಿನಕ್ಕೆ ಎಂಟು ಗಂಟೆ ಅಭ್ಯಾಸ, ಎರಡು ಹೊತ್ತು ತೂಕ ನೋಡುವುದು. ಹದಿನಾರಕ್ಕೆ ಯುರೋಪಿನ ದೊಡ್ಡ ಸ್ಪರ್ಧೆಯಲ್ಲಿ ಚೆಂಡಿನ ವಿಭಾಗದ ಬೆಳ್ಳಿ. ಹತ್ತೊಂಬತ್ತಕ್ಕೆ ಪಾದದ ಮೂಳೆ ಮುರಿದು ಎಲ್ಲ ಮುಗಿಯಿತು. ಆಮೇಲೆ ಆಸ್ಟ್ರೇಲಿಯಾಕ್ಕೆ, ಪರ್ತ್‌ಗೆ. ಅಲ್ಲಿನ ಥಾರ್ನ್ಲಿ ಬಡಾವಣೆಯಲ್ಲಿ ಬೆಳಿಗ್ಗೆ ಮೋಟೆಲ್ ಕೋಣೆ ಗುಡಿಸಿ, ಸಂಜೆ ಒಂದು ಶಾಲೆಯ ಹಾಲಿನಲ್ಲಿ ನಾಲ್ಕೇ ಮಕ್ಕಳಿಗೆ ಪಾಠ. ಅಡಿಲೇಡ್‌ನಲ್ಲಿ ಹದಿನೈದು ವರ್ಷ. ಅಲ್ಲೇ ಸೊಂಟದ ಕೀಲು ಬದಲಾಯಿಸಿಕೊಂಡು, ಈಗ ಬ್ರಿಸ್ಬೇನ್.

ಆ ಕೀಲಿನಲ್ಲೇ ಅವರು ಮೊನ್ನೆ ಏನು ಮಾಡಿದರು ಗೊತ್ತಾ ಅಮ್ಮಾ! ಮಕ್ಕಳೆಲ್ಲ ಹೋಗಿದ್ದರು. ಉಳಿದಿದ್ದ ಒಂದು ಚೆಂಡನ್ನು ಎತ್ತಿಕೊಂಡರು. ಬೆರಳು ಮಡಿಚಿ ಹಿಡಿದರೆ ಅಂಕ ಕಡಿತ, ಅಂಗೈ ತೆರೆದೇ ಇರಬೇಕು. ಎಸೆದರು. ಚೆಂಡು ಛಾವಣಿಯ ದೀಪದವರೆಗೆ ಹೋಯಿತು. ಅವರು ಮೇಲೆ ನೋಡಲೇ ಇಲ್ಲ. ಒಂದು ಸುತ್ತು ತಿರುಗಿ, ಬೆನ್ನ ಹಿಂದೆ ಅಂಗೈ ಚಾಚಿ ನಿಂತರು. ಚೆಂಡು ಸದ್ದಿಲ್ಲದೆ ಬಂದು ಅಲ್ಲಿ ಕೂತಿತು, ಮನೆಗೆ ಬಂದ ಹಾಗೆ. ನಾನು ಉಸಿರನ್ನೇ ಮರೆತೆ. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನೂ ಮರೆತೆ.

ಹಳದಿ ರಿಬ್ಬನ್ ಸುಟ್ಟ ವಾಸನೆ ಬಂತು. ಗಬಕ್ಕನೆ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟೆ, ಏನಿಲ್ಲ ಮಿಸ್ ಎಂದೆ.

ಅವರು ಬೈಯಲಿಲ್ಲ. ಪಕ್ಕದ ಬೆಂಚಿನಲ್ಲಿ ಕೂತು ಹೇಳಿದರು. ಸೋಫಿಯಾದ ಹಾಸ್ಟೆಲ್‌ಗೆ ಅವರಮ್ಮ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರಂತೆ. ಕೋಚ್ ಪಕ್ಕದಲ್ಲೇ ನಿಂತಿರುತ್ತಿದ್ದರು. ಕಾಲು ಹೇಗಿದೆ ಎಂದರೆ, ಚೆನ್ನಾಗಿದೆ. ಬಿರುಕು ಬಿಟ್ಟ ಮೂಳೆಯಲ್ಲೇ ಐದು ತಿಂಗಳು ಅಭ್ಯಾಸ. ಕೊನೆಗೆ ಅದು ಮುರಿದ ಸುದ್ದಿಯನ್ನು ಅವರಮ್ಮ ಪೇಪರಿನಲ್ಲಿ ಓದಿದರು. ಎಂಟು ಗಂಟೆ ರೈಲಿನಲ್ಲಿ ಬಂದು ಹಾಸಿಗೆ ಪಕ್ಕ ನಿಂತು ಕೇಳಿದ್ದು ಒಂದೇ ಮಾತು: ‘ಹಾಗಾದ್ರೆ ಐದು ತಿಂಗಳು ನಾನು ಫೋನಲ್ಲಿ ಯಾರ ಜೊತೆ ಮಾತಾಡ್ತಿದ್ದೆ?’

ನನಗೆ ನಮ್ಮ ಹಾಸ್ಟೆಲ್ಲಿನ ಭಾನುವಾರದ ಫೋನ್ ನೆನಪಾಯಿತು. ವಾರ್ಡನ್ ನಾಗಮ್ಮ ಮೇಡಂ ಗಡಿಯಾರ ನೋಡುತ್ತ ಪಕ್ಕದಲ್ಲಿ, ಆ ಕಡೆ ಡ್ಯೂಟಿಯ ನಡುವೆ ನೀನು. ಏನು ಕೇಳಿದರೂ ನನ್ನದು ಹೂಂ. ಏಳು ವರ್ಷ ಬರೀ ಹೂಂ. ಅದೇ ರೂಢಿಯಾಗಿಬಿಟ್ಟಿದೆ ಅಮ್ಮಾ.

ನಿನ್ನೆ ಸುಟ್ಟ ರಿಬ್ಬನ್ನನ್ನು ಅವರ ಮುಂದೆ ಬಿಚ್ಚಿ ಹಾಸಿದೆ. ಸುಟ್ಟಷ್ಟನ್ನು ಕತ್ತರಿಸಿ, ಉಳಿದದ್ದು ಚಿಕ್ಕ ಮಕ್ಕಳಿಗಾಯಿತು ಎಂದರು, ಅಷ್ಟೇ.

ಈಗ ಸಹಿ ಹಾಕಿಬಿಡುತ್ತೇನೆ. ಹಾಕಿದ ಮೇಲಾದರೂ ಧೈರ್ಯ ಬರಲಿ.

ನಿನ್ನ
ಇಂಚರಾ

ತಾ.ಕ.: ಹೋದ ಭಾನುವಾರ ನಾನು ತಲೆಯಾಡಿಸಿದ್ದು ಮೇಲಕ್ಕೂ ಕೆಳಕ್ಕೂ. ಅದನ್ನು ಬಲ್ಗೇರಿಯಾದ ರೀತಿಯಲ್ಲಿ ಓದಿಕೋ. ನಲವತ್ತೊಂದು ಬಂದಿದೆ, ಐವತ್ತು ಬೇಕಿತ್ತು. ಇಪ್ಪತ್ತೈದಕ್ಕೆ ಮರುಪರೀಕ್ಷೆ. ಮಿಸ್ ತಮ್ಮ ಮುರಿದ ಪಾದವನ್ನೇ ಚಾಚಿ ಒಂದೊಂದು ಮೂಳೆಯ ಹೆಸರು ಕೇಳುತ್ತಿದ್ದಾರೆ, ನಿನ್ನೆ ಎರಡೇ ತಪ್ಪಾಯಿತು. ಕಾಗದ ಸಿಕ್ಕಿದ ದಿನ ಫೋನ್ ಮಾಡು. ಬೈದರೂ ಸರಿ. ಏನು ಕೇಳಿದರೂ ಬಾಯಿಬಿಟ್ಟು ಹೇಳುತ್ತೇನೆ, ತಲೆ ಅಲ್ಲಾಡಿಸುವುದಿಲ್ಲ.