ಪ್ರಾರ್ಥನೆಗೆ ಕೊಡದ ಹೆಸರು

14 ಜೂನ್ 1996, ಶುಕ್ರವಾರ. ಕೊಳ್ಳೇಗಾಲ

ಇವತ್ತು ನನ್ನನ್ನು ಕಲ್ಲೆದೆಯವಳು ಅಂದರು. ಅನ್ನಲಿ.

ವಾರದ ಪ್ರಾರ್ಥನಾ ಕೂಟ ನಮ್ಮ ಮನೆಯಲ್ಲೇ ಇತ್ತು. ಯಾರಿಗಾಗಿ ಪ್ರಾರ್ಥಿಸಬೇಕು ಎಂದು ಕೇಳುವ ಹೊತ್ತಿಗೆ ಸಭೆಯ ಹಿರಿಯರಾದ ದಾನಿಯೇಲಪ್ಪ ನನ್ನ ಕಡೆ ತಿರುಗಿದರು. "ಎಸ್ತೇರಮ್ಮನ ಮಗಳು ರೂತು ಗಂಡನ ಮನೆ ಬಿಟ್ಟು ಬಂದವ್ಳಲ್ಲ, ಯಾಕಂತೆ? ನಿನ್ ಜೊತೇಲೇ ರೇಷ್ಮೆ ನೂಲು ಸುತ್ತೋಕೆ ಕೂತ್ಕತಾಳೆ. ಹೇಳಮ್ಮ, ಪ್ರಾರ್ಥನೆಗೋಸ್ಕರ ಕೇಳ್ತಾವ್ನಿ."

ಪ್ರಾರ್ಥನೆಗೋಸ್ಕರ! ಹೋದ ವರ್ಷ ನನ್ನ ಗೆಳತಿ ಸಂಪೂರ್ಣಳ ಗಂಡ ಕುಡಿದು ಹೊಡೆಯುವುದನ್ನು ನಾನೇ ಹೀಗೆ ಕಣ್ಣೀರು ಹಾಕಿಕೊಂಡು ಕೂಟದ ಮುಂದೆ ಇಟ್ಟಿದ್ದೆ. ಆಮೆನ್ ಅಂದ ಬಾಯಿಗಳೇ ಮಾರನೆಯ ದಿನ ನಲ್ಲಿಯ ಹತ್ತಿರ ಅದನ್ನು ಹಂಚಿದವು. ಅಂದಿನಿಂದ ಸಂಪೂರ್ಣ ಚರ್ಚಿಗೆ ಕಾಲಿಟ್ಟಿಲ್ಲ. ಹೆಂಗಸರ ಚಾಪೆಯಲ್ಲಿ ನನ್ನ ಪಕ್ಕದ ಜಾಗ ಇನ್ನೂ ಖಾಲಿ.

"ಗೊತ್ತು ಕಣಣ್ಣ, ಆದ್ರೆ ಹೇಳಲ್ಲ. ದೇವ್ರಿಗೆ ಗೊತ್ತಿಲ್ವಾ? ಸುದ್ದಿ ನಾವು ಮುಟ್ಟಿಸ್ಬೇಕಾ?" ಅಂದೆ.

"ಕಲ್ಲೆದೆ ನಿಂದು" ಅಂದವರೇ ಟೀ ಮುಟ್ಟದೆ ಎದ್ದರು. ಅವರ ಹಿಂದೆ ಉಳಿದವರೂ ಎದ್ದರು. ಎಂಟು ಲೋಟ ಟೀ ಹಾಗೇ ಆರಿತು. ನಾನು ಎರಡು ಲೋಟ ಕುಡಿದೆ.

ಮುಂದಿನ ಶುಕ್ರವಾರ ಕೂಟ ಅವರ ಮನೆಯಲ್ಲಿ. ಮತ್ತೆ ಕೇಳುತ್ತಾರೆ, ಕೇಳಲಿ. ರೂತು ಯಾಕೆ ಬಂದಳು ಅನ್ನುವುದನ್ನು ಈ ಪುಸ್ತಕದಲ್ಲೂ ಬರೆಯುವುದಿಲ್ಲ.

ಹಿರಿಯರ ಎದುರು ಬಾಯಿ ಮುಚ್ಚಿಕೊಂಡಿರಲು ಇಷ್ಟು ಧೈರ್ಯ ಬಂತಲ್ಲ. ಸಂಪೂರ್ಣಳ ಬಾಗಿಲಲ್ಲಿ ನಿಂತು ತಪ್ಪಾಯಿತು ಅನ್ನಲು ಮಾತ್ರ ಒಂದು ವರ್ಷದಿಂದ ಆಗಿಲ್ಲ.